ಕೊಂಡಾಪುರಕ್ಕೆ ಎಲ್ಲಿ ಇಳಿಯಬೇಕು?

ಹೈದರಾಬಾದಿನ ಕೊಂಡಾಪುರದ ಹೆಸರಿನಲ್ಲಿ ಮೆಟ್ರೊ ನಿಲ್ದಾಣವಿಲ್ಲ, ರೈಲು ನಿಲ್ದಾಣವೂ ಇಲ್ಲ. ಆದರೆ ಅದರ ಸುತ್ತ ನಿಲ್ದಾಣಗಳಿಗೆ ಬರವಿಲ್ಲ. ಆಗ್ನೇಯಕ್ಕೆ ಮೆಟ್ರೊದ ಹೈಟೆಕ್ ಸಿಟಿ ಮತ್ತು ರಾಯದುರ್ಗ, ಉತ್ತರಕ್ಕೆ ಲೋಕಲ್ ರೈಲಿನ ಹಫೀಜ್‌ಪೇಟೆ, ಅದರಾಚೆ ಮೆಟ್ರೊದ ಮಿಯಾಪುರ. ಕೊಂಡಾಪುರದ ಅಂಚಿನಲ್ಲಿ ಕೋಟ್ಲ ವಿಜಯಭಾಸ್ಕರ ರೆಡ್ಡಿ ಸಸ್ಯೋದ್ಯಾನವಿದೆ. ತುಸು ದೂರದ ಮಾದಾಪುರದಲ್ಲಿ 1992ರಲ್ಲಿ ಹುಟ್ಟಿದ ಕರಕುಶಲ ಗ್ರಾಮ ಶಿಲ್ಪಾರಾಮಂ ಇದೆ. ಇವನ್ನು ನೋಡಲು ಬರುವವರು ಎಲ್ಲಿ ಇಳಿಯಬೇಕು? ರೈಲಿನೊಳಗೆ ಕೇಳಿಬರುವ ದನಿ ಮುಂದಿನ ನಿಲ್ದಾಣದ ಹೆಸರು ಹೇಳುತ್ತದೆ, ಬಾಗಿಲು ಯಾವ ಬದಿಗೆ ತೆರೆಯುತ್ತದೆಂದು ಹೇಳುತ್ತದೆ. ಹೊರಗಿನಿಂದ ಬಂದವರಿಗೆ ಅಷ್ಟು ಸಾಲದು. ನಿಲ್ದಾಣದ ಹೆಸರಿಗೂ ನೋಡಬೇಕಾದ ಸ್ಥಳಕ್ಕೂ ಇರುವ ನಿಜವಾದ ಸಂಬಂಧವನ್ನು ಪ್ರಯಾಣಿಕರಿಗೆ ತಿಳಿಸುವುದು ನಮ್ಮ ರೈಲುಗಳ ಹಳೆಯ ಪದ್ಧತಿಯೇ. ನಗರದ ಮೆಟ್ರೊಗಳು ಅದನ್ನು ಕೈಬಿಟ್ಟಿವೆ, ಮರಳಿ ಹಿಡಿಯಬೇಕು ಎಂಬುದು ನನ್ನ ವಾದ.

ಆ ಪದ್ಧತಿಯ ಬೇರು ಹುಡುಕಲು ಹೈದರಾಬಾದಿನಿಂದ ಕನ್ನಡ ನಾಡಿನ ಕಡೆಗೇ ಹೋಗಬೇಕು. ನಿಜಾಮರ ಸ್ವಂತದ ಮೊದಲ ರೈಲು ದಾರಿ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ತೆರೆಯಿತು. ವಾಡಿ ಇಂದಿನ ಕಲಬುರಗಿ ಜಿಲ್ಲೆಯಲ್ಲಿದೆ. ಚಿತ್ತಾಪುರ, ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಬರುವ ಅದೇ ಹಳಿ ಇವತ್ತಿಗೂ ಲಿಂಗಂಪಲ್ಲಿ, ಹಫೀಜ್‌ಪೇಟೆಗಳ ಮೂಲಕ, ಅಂದರೆ ಕೊಂಡಾಪುರದ ಉತ್ತರದ ಬದಿಯಿಂದ ನಗರವನ್ನು ಹೊಗುತ್ತದೆ. ಅದಕ್ಕೂ ಮೂರು ವರ್ಷ ಮೊದಲು, 1871ರಲ್ಲಿ, ಮುಂಬೈ ಕಡೆಯ ಹಳಿಯೂ ಮದ್ರಾಸ್ ಕಡೆಯ ಹಳಿಯೂ ರಾಯಚೂರಿನಲ್ಲಿ ಕೂಡಿದ್ದವು. ಈ ದಾರಿಗಳನ್ನು ಎಳೆದವರು ಗುಡಿ ಗೋಪುರಗಳನ್ನು ನೋಡಿ ಎಳೆಯಲಿಲ್ಲ. ಏರು ಎಲ್ಲಿ ಕಡಿಮೆ, ಹೊಳೆಗೆ ಸೇತುವೆ ಎಲ್ಲಿ ಸುಲಭ, ಸರಕು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬ ಲೆಕ್ಕದಲ್ಲಿ ಎಳೆದರು. ಹಾಗಾಗಿ ಯಾತ್ರಿಕರು ಸೇರಬೇಕಾದ ಊರು ಬಹಳ ಸಲ ಹಳಿಯಿಂದ ದೂರವೇ ಉಳಿಯಿತು.

ಈ ತೊಡಕಿಗೆ ಭಾರತೀಯ ರೈಲ್ವೆ ಕಂಡುಕೊಂಡ ಪರಿಹಾರ ಸರಳವಾದದ್ದು. ಊರಿನ ಹೆಸರಿನ ಮುಂದೆ ‘ರೋಡ್’ ಎಂದು ಸೇರಿಸಿತು. ಗಾಣಗಾಪುರ ರೋಡ್‌ನಲ್ಲಿ ಇಳಿದವರಿಗೆ ದತ್ತಾತ್ರೇಯನ ಸನ್ನಿಧಿ ಇನ್ನೂ ಸುಮಾರು 20 ಕಿಲೋಮೀಟರ್ ದೂರ. ಮಂತ್ರಾಲಯಂ ರೋಡ್‌ನಿಂದ ರಾಯರ ಮಠಕ್ಕೆ ಹದಿನೈದರ ಆಸುಪಾಸು. ನೆಟ್ಟಣದ ಸುಬ್ರಹ್ಮಣ್ಯ ರೋಡ್‌ನಿಂದ ಕುಕ್ಕೆಗೆ ಹನ್ನೆರಡರಷ್ಟು. ಬೈಂದೂರಿನ ನಿಲ್ದಾಣದ ಹೆಸರಿನಲ್ಲಿ ಮೂಕಾಂಬಿಕಾ ರೋಡ್ ಸೇರಿರುವುದು ಕೊಲ್ಲೂರಿಗೆ ಹೋಗುವವರಿಗಾಗಿ. ಈ ಹೆಸರುಗಳು ಒಂದೇ ಬಾರಿಗೆ ಎರಡು ಕೆಲಸ ಮಾಡುತ್ತವೆ: ‘ನಿಮ್ಮ ಕ್ಷೇತ್ರಕ್ಕೆ ಇಳಿಯಬೇಕಾದ್ದು ಇಲ್ಲೇ’ ಎಂದು ಭರವಸೆ ಕೊಡುತ್ತವೆ, ‘ಆದರೆ ಕ್ಷೇತ್ರ ಇಲ್ಲಿಲ್ಲ, ಮುಂದೆ ಬಸ್ಸೋ ಜೀಪೋ ಹಿಡಿಯಬೇಕು’ ಎಂದು ಎಚ್ಚರಿಸುತ್ತವೆ. ಫಲಕ ಓದಿದ ಯಾತ್ರಿಕನಿಗೆ ಮೋಸವಾಗುವುದಿಲ್ಲ. ಧ್ವನಿವರ್ಧಕವೇ ಇಲ್ಲದ ಕಾಲದಲ್ಲಿ ಪ್ರಕಟಣೆಯ ಕೆಲಸವನ್ನು ಹೆಸರೇ ಮಾಡುತ್ತಿತ್ತು. ಇಷ್ಟು ಪ್ರಾಮಾಣಿಕವಾದ ಪದ್ಧತಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಕೊಂಡಾಪುರದ ಸುತ್ತ ನಡೆದದ್ದು ಇದಕ್ಕೆ ತದ್ವಿರುದ್ಧ. 1998ರಲ್ಲಿ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ಮೇಲೆ ಹೈಟೆಕ್ ಸಿಟಿ ಎಂಬ ಹೆಸರಿಗೆ ಎಲ್ಲಿಲ್ಲದ ಬೆಲೆ ಬಂತು. 2003ರ ಆಗಸ್ಟಿನಲ್ಲಿ ಎಂಎಂಟಿಎಸ್ ಎಂಬ ಲೋಕಲ್ ರೈಲು ಶುರುವಾಯಿತು. ವಾಡಿಯಿಂದ ಬರುವ ಆ ಹಳೆಯ ಹಳಿಯ ಮೇಲೆಯೇ, ಬೋರಬಂಡಾ ಮತ್ತು ಹಫೀಜ್‌ಪೇಟೆಗಳ ನಡುವಿನ ನಿಲ್ದಾಣಕ್ಕೆ ಹೈಟೆಕ್ ಸಿಟಿ ಎಂದು ಹೆಸರಾಯಿತು. ಸೈಬರ್ ಟವರ್ಸ್ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿಲ್ಲ. ಹಳೆಯ ರೂಢಿಯ ಪ್ರಕಾರ ಅದು ‘ಹೈಟೆಕ್ ಸಿಟಿ ರೋಡ್’ ಆಗಬೇಕಿತ್ತು. 2019ರ ಮಾರ್ಚಿನಲ್ಲಿ ಅಮೀರ್‌ಪೇಟೆಯಿಂದ ಮೆಟ್ರೊ ಬಂತು. ಅದರ ನಿಲ್ದಾಣಕ್ಕೂ ಅದೇ ಹೆಸರು, ಆದರೆ ಜಾಗ ಬೇರೆ. ಹೀಗೆ ಒಂದೇ ನಗರದಲ್ಲಿ, ಒಂದೇ ಹೆಸರಿನಲ್ಲಿ, ಪರಸ್ಪರ ದೂರವಿರುವ ಎರಡು ನಿಲ್ದಾಣಗಳಾದವು. ಶಿಲ್ಪಾರಾಮಕ್ಕೆ ಹೋಗುವವರಿಗೆ ಬೇಕಾದದ್ದು ಮೆಟ್ರೊದ ಹೈಟೆಕ್ ಸಿಟಿ. ಕಲಬುರಗಿ ಕಡೆಯಿಂದ ಬಂದು, ಲಿಂಗಂಪಲ್ಲಿಯಲ್ಲಿ ಲೋಕಲ್ ರೈಲು ಹತ್ತಿ, ಹೆಸರು ಕೇಳಿ ಹೈಟೆಕ್ ಸಿಟಿಯಲ್ಲಿ ಇಳಿದವರು ತಲುಪುವುದು ಇನ್ನೊಂದನ್ನು. ಅದೇ ವರ್ಷದ ನವೆಂಬರಿನಲ್ಲಿ ಮೆಟ್ರೊ ಮುಂದಿನ ರಾಯದುರ್ಗದವರೆಗೆ ಹೋಯಿತು. ಬಳ್ಳಾರಿ ಸೀಮೆಯವರ ಕಿವಿಗೆ ರಾಯದುರ್ಗ ಎಂದರೆ ಬೇರೆಯೇ ಊರು, ಬೇರೆಯೇ ಕೋಟೆ.

ಕೊಂಡಾಪುರದ ಹೆಸರಿನಲ್ಲೂ ಇಂಥದೇ ಗೊಂದಲವಿದೆ. ಇತಿಹಾಸದ ಪುಸ್ತಕಗಳಲ್ಲಿ ಬರುವ ಕೊಂಡಾಪುರ ಈ ಬಡಾವಣೆಯಲ್ಲ, ಸಂಗಾರೆಡ್ಡಿ ಜಿಲ್ಲೆಯ ಹಳ್ಳಿ. ನಿಜಾಮರ ಪ್ರಾಚ್ಯವಸ್ತು ಇಲಾಖೆಯ ನಿರ್ದೇಶಕರಾಗಿದ್ದ ಗುಲಾಮ್ ಯಜ್ದಾನಿ 1940ರ ದಶಕದ ಆರಂಭದಲ್ಲಿ ಅಲ್ಲಿನ ದಿಬ್ಬವನ್ನು ಅಗೆಸಿದಾಗ ಶಾತವಾಹನರ ನಾಣ್ಯಗಳು, ಸುಟ್ಟ ಮಣ್ಣಿನ ಬೊಂಬೆಗಳು, ಮಣಿಗಳು ದೊರೆತವು. ಬೀದರ್‌ನ ಇತಿಹಾಸ ಮತ್ತು ಸ್ಮಾರಕಗಳ ಮೇಲಿನ ದೊಡ್ಡ ಗ್ರಂಥವನ್ನು 1947ರಲ್ಲಿ ಹೊರತಂದವರೂ ಇದೇ ಯಜ್ದಾನಿ. ಆ ಕೊಂಡಾಪುರದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ವಸ್ತುಸಂಗ್ರಹಾಲಯವಿದೆ. ಬೀದರ್‌ನಿಂದ ಬಸ್ಸಿನಲ್ಲಿ ಬರುವವರು ಅದನ್ನು ನೋಡಬೇಕಿದ್ದರೆ ಸಂಗಾರೆಡ್ಡಿಯಲ್ಲೇ ಇಳಿಯಬೇಕು. ಹೆಸರನ್ನು ನಂಬಿ ನಗರದೊಳಗಿನ ಕೊಂಡಾಪುರದವರೆಗೆ ಬಂದರೆ ಬಂದ ದಾರಿಯಲ್ಲೇ ಹಿಂದಿರುಗಬೇಕಾಗುತ್ತದೆ.

‘ಉತ್ತಮ ನಿಲ್ದಾಣ’ ಎಂದರೆ ಯಾವುದು ಎಂಬುದನ್ನು ಇಲ್ಲಿ ಬಿಡಿಸಿ ನೋಡಬೇಕು. ಅದು ಅತಿ ಹತ್ತಿರದ ನಿಲ್ದಾಣವೇ ಆಗಬೇಕೆಂದಿಲ್ಲ. ಸಸ್ಯೋದ್ಯಾನವನ್ನೇ ತೆಗೆದುಕೊಳ್ಳಿ. ಮೆಟ್ರೊ ನಕ್ಷೆಯಲ್ಲಿ ಅಳೆದರೆ ಅದಕ್ಕೆ ಹತ್ತಿರದವು ಹೈಟೆಕ್ ಸಿಟಿ ಮತ್ತು ರಾಯದುರ್ಗ, ಮಿಯಾಪುರ ದೂರ. ಸಿಕಂದರಾಬಾದಿನಿಂದ ಬರುವವರಿಗೆ ಇದೇ ಸರಿ. ಆದರೆ ಬೀದರ್, ಹುಮನಾಬಾದ್, ಜಹೀರಾಬಾದ್ ಕಡೆಯಿಂದ ಮುಂಬೈ ಹೆದ್ದಾರಿಯಲ್ಲಿ ಬರುವವರು ನಗರ ಪ್ರವೇಶಿಸುವುದೇ ಪಟಾನ್‌ಚೆರು, ಲಿಂಗಂಪಲ್ಲಿ, ಮಿಯಾಪುರಗಳ ಮೂಲಕ. ಮಿಯಾಪುರದಿಂದ ಗಚ್ಚಿಬೌಲಿಗೆ ಹೋಗುವ ರಸ್ತೆ ಕೊಂಡಾಪುರದ ನಡುವೆ ಹಾದು ಉದ್ಯಾನದ ಪಕ್ಕದಲ್ಲೇ ಸಾಗುತ್ತದೆ. ಮಿಯಾಪುರದಲ್ಲಿ ಇಳಿದು ಆ ರಸ್ತೆಯ ಬಸ್ಸನ್ನೋ ಆಟೊವನ್ನೋ ಹಿಡಿದರೆ ಕೆಲಸ ಮುಗಿಯಿತು. ‘ಹತ್ತಿರದ ನಿಲ್ದಾಣ ಹೈಟೆಕ್ ಸಿಟಿ’ ಎಂಬ ಮಾತನ್ನು ನಂಬಿದರೆ ಮಿಯಾಪುರದಲ್ಲಿ ಮೆಟ್ರೊ ಹತ್ತಿ, ಅಮೀರ್‌ಪೇಟೆಯವರೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ, ಮತ್ತೆ ಪಶ್ಚಿಮಕ್ಕೆ ವಾಪಸು ಬರಬೇಕು. ಹೀಗಾಗಿ ಪ್ರಕಟಣೆ ಎಲ್ಲಿ ಕೇಳಿಸುತ್ತದೆ ಎಂಬುದರ ಮೇಲೆ ಅದು ಹೇಳಬೇಕಾದ ಮಾತೂ ಬದಲಾಗಬೇಕು. ಮಿಯಾಪುರದ ಪ್ಲಾಟ್‌ಫಾರ್ಮ್‌ನಲ್ಲಿ ಒಂದು ಮಾತು, ಅಮೀರ್‌ಪೇಟೆಯಲ್ಲಿ ಇನ್ನೊಂದು.

ಬಸ್ಸಿನಲ್ಲಿ ಇದನ್ನು ಕಂಡಕ್ಟರ್ ತಾನಾಗಿಯೇ ಮಾಡುತ್ತಾನೆ. ಕೋಠಿಯಿಂದ ಕೊಂಡಾಪುರಕ್ಕೆ ಹೋಗುವ 127ಕೆ, ಸಿಕಂದರಾಬಾದಿನಿಂದ ಹೋಗುವ 10ಎಚ್ ಬಸ್ಸುಗಳು ಮೆಟ್ರೊ ಬರುವ ಮುಂಚಿನಿಂದಲೂ ಈ ಕಡೆಯ ಜನರ ಆಧಾರ. ಟಿಕೆಟ್ ಕೇಳುವಾಗ ಎಲ್ಲಿಗೆ ಹೋಗಬೇಕೆಂದು ಹೇಳಿದರೆ ಎಲ್ಲಿ ಇಳಿಯಬೇಕೆಂಬ ಉತ್ತರ ಜೊತೆಯಲ್ಲೇ ಸಿಗುತ್ತದೆ. ಮೆಟ್ರೊದಲ್ಲಿ ಆ ಮನುಷ್ಯನಿಲ್ಲ, ಧ್ವನಿಮುದ್ರಿತ ದನಿ ಇದೆ. ಮನುಷ್ಯನನ್ನು ತೆಗೆದ ಮೇಲೆ ಅವನು ಮಾಡುತ್ತಿದ್ದ ಕೆಲಸದ ಹೊಣೆ ಆ ದನಿಯ ಮೇಲೆಯೇ ಬೀಳುತ್ತದೆ.

ಪ್ರಸಿದ್ಧ ಸ್ಥಳದ ಹೆಸರನ್ನೇ ನಿಲ್ದಾಣಕ್ಕೆ ಇಟ್ಟರೆ ಸಾಕಲ್ಲವೇ ಎಂದು ಕೇಳಬಹುದು. ಹೈದರಾಬಾದಿನಲ್ಲೇ ಆ ಆಲೋಚನೆಯಿದೆ: ಹಳೆ ಊರಿಗೆ ಹೋಗಬೇಕಾದ ಮೆಟ್ರೊ ದಾರಿಯಲ್ಲಿ ಎರಡು ನಿಲ್ದಾಣಗಳಿಗೆ ಸಾಲಾರ್ ಜಂಗ್ ಮ್ಯೂಸಿಯಂ, ಚಾರ್‌ಮಿನಾರ್ ಎಂಬ ಹೆಸರನ್ನು ಮೊದಲೇ ಗೊತ್ತುಮಾಡಿದ್ದಾರೆ, ಹಳಿ ಮಾತ್ರ ಆ ಸ್ಮಾರಕಗಳಿಂದ ಅರ್ಧ ಕಿಲೋಮೀಟರಿನಷ್ಟು ಆಚೆ ಹೋಗುತ್ತದೆ. ಅರ್ಧ ಕಿಲೋಮೀಟರ್ ದೊಡ್ಡದಲ್ಲ, ಒಪ್ಪೋಣ. ದೆಹಲಿಯಲ್ಲಿ 2010ರಲ್ಲಿ ತೆರೆದ ಕುತುಬ್ ಮಿನಾರ್ ನಿಲ್ದಾಣದಿಂದ ಮಿನಾರಿಗೆ ಸುಮಾರು ಒಂದೂವರೆ ಕಿಲೋಮೀಟರ್ ಇದೆ. ನಮ್ಮ ಬೆಂಗಳೂರಿನ ಉದಾಹರಣೆ ಇನ್ನೂ ಕಣ್ಣು ತೆರೆಸುವಂಥದು. ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ ಇರುವುದು ಕಸ್ತೂರಬಾ ರಸ್ತೆಯಲ್ಲಿ. ಅದಕ್ಕೆ ಇಳಿಯಬೇಕಾದ್ದು ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ. ಆದರೆ ಅದೇ ನೇರಳೆ ಮಾರ್ಗದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣವೇ ಬೇರೆ ಇದೆ, ಸೆಂಟ್ರಲ್ ಕಾಲೇಜಿನ ಬಳಿ. 2022ರಿಂದ ಬೈಯಪ್ಪನಹಳ್ಳಿಯಲ್ಲಿ ಅದೇ ಮಹನೀಯರ ಹೆಸರಿನ ರೈಲ್ವೆ ಟರ್ಮಿನಲ್ ಕೂಡ ಇದೆ. ಗೌರವದಿಂದ ಇಟ್ಟ ಹೆಸರುಗಳು ಇವು, ಅದರಲ್ಲಿ ತಪ್ಪಿಲ್ಲ; ಆದರೆ ಮಕ್ಕಳನ್ನು ಕರೆದುಕೊಂಡು ಮ್ಯೂಸಿಯಂಗೆ ಬಂದ ಹಾಸನದ ತಾಯಿಗೆ ಹೆಸರುಗಳು ದಾರಿ ತೋರಿಸುವುದಿಲ್ಲ. ಇನ್ನು ಟಿಪ್ಪುವಿನ ಬೇಸಿಗೆ ಅರಮನೆ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣಕ್ಕೆ ಹತ್ತಿರ. ನಿಲ್ದಾಣದ ಹೆಸರಿನಲ್ಲಿ ಅದರ ಸುಳಿವೇ ಇಲ್ಲ.

ಲಂಡನ್ನಿನ ಅನುಭವ ಈ ವಾದಕ್ಕೆ ಬಲ ಕೊಡುತ್ತದೆ. ಅಲ್ಲಿ 1900ರಲ್ಲಿ ಬ್ರಿಟಿಷ್ ಮ್ಯೂಸಿಯಂ ಎಂಬ ನಿಲ್ದಾಣವೇ ತೆರೆಯಿತು. ಪಕ್ಕದ ಹೋಬರ್ನ್ ನಿಲ್ದಾಣವನ್ನು ವಿಸ್ತರಿಸಿದಾಗ, 1933ರಲ್ಲಿ, ಅದನ್ನು ಮುಚ್ಚಿದರು. ಮ್ಯೂಸಿಯಂ ಇದ್ದಲ್ಲೇ ಇದೆ, ಜನ ಬರುವುದೂ ನಿಂತಿಲ್ಲ. ಈಗ ಹೋಬರ್ನ್, ಟಾಟನ್‌ಹ್ಯಾಮ್ ಕೋರ್ಟ್ ರೋಡ್, ರಸೆಲ್ ಸ್ಕ್ವೇರ್ ಹೀಗೆ ಬಂದ ದಾರಿಗೆ ತಕ್ಕಂತೆ ಇಳಿಯುತ್ತಾರೆ. ಸೌತ್ ಕೆನ್ಸಿಂಗ್ಟನ್ ಬಂದಾಗ ‘ಮ್ಯೂಸಿಯಂಗಳಿಗೆ ಹೋಗುವವರು ಇಲ್ಲಿ ಇಳಿಯಿರಿ’ ಎಂದು ರೈಲಿನೊಳಗೇ ಹೇಳುತ್ತಾರೆ. ಹೆಸರು ಹೇಳಲಾರದ್ದನ್ನು ದನಿ ಹೇಳುತ್ತದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು ಸಮಯದ್ದು. ನಿಲ್ದಾಣಗಳ ನಡುವೆ ಸಿಗುವುದು ಒಂದೆರಡು ನಿಮಿಷ. ಹೈದರಾಬಾದಿನಲ್ಲಿ ತೆಲುಗು, ಹಿಂದಿ, ಇಂಗ್ಲಿಷ್ ಮೂರರಲ್ಲೂ ಹೇಳಬೇಕು. ದಿನವೂ ಕೆಲಸಕ್ಕೆ ಹೋಗುವ ಸಾವಿರಾರು ಜನ ತಮಗೆ ಬೇಡದ ಮಾತನ್ನು ಯಾಕೆ ಕೇಳಬೇಕು? ಈ ಮಾತಿನಲ್ಲಿ ಹುರುಳಿದೆ. ಆದ್ದರಿಂದಲೇ ಎಲ್ಲ ನಿಲ್ದಾಣಕ್ಕೂ ಇದು ಬೇಡ. ಎಲ್ಲಿ ಹೆಸರು ದಾರಿ ತಪ್ಪಿಸುತ್ತದೆಯೋ, ಎಲ್ಲಿ ಹೆಸರು ಮೌನವಾಗಿದೆಯೋ ಅಲ್ಲಿಗೆ ಒಂದು ಸಣ್ಣ ವಾಕ್ಯ ಸಾಕು. ಎರಡನೆಯದು, ಎಲ್ಲರ ಕೈಯಲ್ಲೂ ಫೋನಿದೆ, ನಕ್ಷೆಯಿದೆ ಎಂಬುದು. ಆದರೆ ನಕ್ಷೆಯಲ್ಲಿ ಹುಡುಕಲೂ ಹೆಸರನ್ನೇ ಟೈಪಿಸಬೇಕು, ಹೆಸರು ಎರಡು ಕಡೆ ಇದ್ದರೆ ತೊಡಕು ಅಲ್ಲಿಯೂ ಇದೆ. ಜೊತೆಗೆ ಗಾಣಗಾಪುರಕ್ಕೋ ಮಂತ್ರಾಲಯಕ್ಕೋ ಹೋಗುವ ಗುಂಪಿನ ಹಿರಿಯರು ಇವತ್ತಿಗೂ ಫಲಕ ಓದಿ, ಕೂಗು ಕೇಳಿ ಇಳಿಯುವವರೇ. ಸಾರ್ವಜನಿಕ ಸಾರಿಗೆಯನ್ನು ಕಟ್ಟುವುದು ಅವರಿಗಾಗಿಯೂ.

ಮೂರನೆಯ ಆಕ್ಷೇಪವೇ ನಿಜಕ್ಕೂ ಗಟ್ಟಿಯಾದದ್ದು: ಯಾವ ಸ್ಥಳದ ಹೆಸರು ಹೇಳಬೇಕೆಂದು ನಿರ್ಧರಿಸುವವರು ಯಾರು? ನಿಲ್ದಾಣದ ಹೆಸರೇ ಪ್ರಾಯೋಜಕರಿಗೆ ಸಲ್ಲುತ್ತಿರುವ ಕಾಲ ಇದು. ಇಂದು ದಾರಿ ತೋರುವ ದನಿ ನಾಳೆ ಮಾಲ್‌ನ ಜಾಹೀರಾತಾಗುವ ಭಯ ಸುಳ್ಳಲ್ಲ. ಇದಕ್ಕೆ ಉತ್ತರ ಮೌನವಲ್ಲ, ನಿಯಮ. ಸಾರ್ವಜನಿಕರ ಉದ್ಯಾನ, ವಸ್ತುಸಂಗ್ರಹಾಲಯ, ಸಂರಕ್ಷಿತ ಸ್ಮಾರಕ, ದೊಡ್ಡ ಆಸ್ಪತ್ರೆ, ಯಾತ್ರಾಸ್ಥಳ ಇಷ್ಟಕ್ಕೆ ಪ್ರಕಟಣೆಯನ್ನು ಮೀಸಲಿಡಬೇಕು. ಅಂಗಡಿಗೆ ಜಾಹೀರಾತು ಫಲಕವಿದೆ. ಹಳೆಯ ರೈಲ್ವೆ ಹಾಗೆಯೇ ನಡೆದುಕೊಂಡಿತ್ತು. ರಾಯರ ಮಠಕ್ಕೆ ಹೋಗುವ ದಾರಿ ಹೇಳಿತು, ಆ ದಾರಿಯ ವಸತಿಗೃಹಗಳದ್ದಲ್ಲ.

ಕನ್ನಡಿಗರಿಗೆ ನಮ್ಮ ಮೆಟ್ರೊದ ದನಿ ಎಂದರೆ ಅಪರ್ಣಾ. 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ಬೆಂಗಳೂರು ದುಃಖಪಟ್ಟದ್ದು ಜನ ಆ ದನಿಯನ್ನು ಎಷ್ಟು ನಂಬಿದ್ದರು ಎಂಬುದಕ್ಕೆ ಸಾಕ್ಷಿ. ನಂಬಿಕೆ ಗಳಿಸಿದ ದನಿ ಇನ್ನೊಂದು ವಾಕ್ಯ ಹೇಳಿದರೆ ಜನ ಕೇಳುತ್ತಾರೆ. ಎರಡೂ ನಗರಗಳ ಮೆಟ್ರೊ ಆಡಳಿತಗಳಿಗೆ ಮಾಡುವ ಮನವಿ ಇಷ್ಟೇ. ಕಬ್ಬನ್ ಪಾರ್ಕ್ ಬಂದಾಗ ‘ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಇಲ್ಲಿ ಇಳಿಯಿರಿ’ ಎನ್ನಿ. ಹೈಟೆಕ್ ಸಿಟಿ ಬಂದಾಗ ‘ಶಿಲ್ಪಾರಾಮಕ್ಕೆ ಇಲ್ಲಿ ಇಳಿಯಿರಿ’ ಎನ್ನಿ. ಮಿಯಾಪುರದ ಪ್ಲಾಟ್‌ಫಾರ್ಮ್‌ನಲ್ಲಿ ‘ಕೊಂಡಾಪುರ ಮತ್ತು ಸಸ್ಯೋದ್ಯಾನಕ್ಕೆ ಹೋಗುವವರು ಹೊರಗೆ ಗಚ್ಚಿಬೌಲಿ ರಸ್ತೆಯ ಬಸ್ ಹಿಡಿಯಿರಿ’ ಎಂದು ಹೇಳಿ, ಅದನ್ನೇ ಫಲಕದಲ್ಲೂ ಬರೆಸಿ. ಹೊಸ ಹಳಿ ಹಾಕದೆ, ನಿಲ್ದಾಣದ ಹೆಸರು ಬದಲಿಸದೆ ಇದನ್ನು ಮಾಡಬಹುದು.