ಹತ್ತರಲ್ಲೊಂದು ಪಾಲು ಕರೆಂಟು

ಕಲ್ಯಾಣ ಅಂದ ಕೂಡಲೇ ಊರಿನವರಿಗೆ ಬಸವಣ್ಣನ ಕಲ್ಯಾಣ ನೆನಪಾಗುತ್ತದೆ. ನಾನಿರುವುದು ಲೋಕಲ್ ರೈಲಿನ ಕಲ್ಯಾಣದಲ್ಲಿ, ಮೂವತ್ತು ವರ್ಷದಿಂದ. ಇಲ್ಲಿನ ಬ್ಯಾಟರಿ ಅಂಗಡಿಗಳಲ್ಲಿ ಒಂದು ಹಳೆಯ ಲೆಕ್ಕ ಉಂಟು: ಬ್ಯಾಟರಿ ಎಷ್ಟು ಆಂಪಿಯರ್-ಅವರಿನದೋ, ಅದರ ಹತ್ತರಲ್ಲೊಂದು ಪಾಲು ಕರೆಂಟು ಕೊಡಬೇಕು. 60ರ ಬ್ಯಾಟರಿಗೆ 6 ಆಂಪಿಯರ್. ರಾತ್ರಿ ಇಟ್ಟು ಬೆಳಿಗ್ಗೆ ಒಯ್ಯಿರಿ. ಆದರೆ ಟೆಂಪೋದವನಿಗೆ ಗಾಡಿ ನಿಂತರೆ ಆ ದಿನದ ದುಡಿಮೆಯೇ ಹೋಯಿತು. ‘ಜಲ್ದಿ ಮಾಡಿಕೊಡಿ’ ಅನ್ನದೆ ಇನ್ನೇನಂದಾನು? ಆ ಅವಸರಕ್ಕೆ ಬೆಲೆ ತೆರುವುದೂ ಅವನೇ, ಹೊಸ ಬ್ಯಾಟರಿ ಕೊಂಡು!

ಈ ಲೆಕ್ಕ ಬಂದದ್ದೇಕೆ? ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಮಾಡಿದ್ದು 1859ರಲ್ಲಿ. ಅವನ ಫಲಕಗಳು ಬರೀ ಸೀಸದ ತಗಡು. ಹದಕ್ಕೆ ಬರಲು ಬಹಳ ಕಾಲ ಬೇಕಿತ್ತು. 1881ರಲ್ಲಿ ಕಾಮಿಲ್ ಫೋರ್ ಎಂಬವನು ಫಲಕಕ್ಕೆ ಸೀಸದ ಆಕ್ಸೈಡಿನ ಲೇಪ ಬಳಿದ. ಕೆಲಸ ಸುಲಭವಾಯಿತು, ಶಕ್ತಿಯೂ ಹೆಚ್ಚಿತು. ಜೊತೆಗೆ ಒಂದು ರೋಗವೂ ಅಂಟಿಕೊಂಡಿತು: ಲೇಪ ಉದುರುವುದು. ಬ್ಯಾಟರಿ ತುಂಬುತ್ತ ಬಂದಾಗಲೂ ಕರೆಂಟು ನೂಕಿದರೆ ಅದು ನೀರನ್ನು ಒಡೆಯುತ್ತದೆ. ಗುಳ್ಳೆ ಏಳುತ್ತವೆ, ಬಿಸಿಯಾಗುತ್ತದೆ, ಲೇಪ ಸಡಿಲವಾಗಿ ತಳ ಸೇರುತ್ತದೆ. ಬಿದ್ದ ಲೇಪ ಮತ್ತೆ ಮೇಲೇಳುವುದಿಲ್ಲ.

ಹಾಗಂತ ಕಡಿಮೆ ಕೊಟ್ಟರೂ ಕಷ್ಟವೇ. 1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿಯನ್ನು ಓಡುತ್ತಲೇ ತುಂಬುವ ಕೆಲಸ ಡೈನಮೋದ ಪಾಲಾಯಿತು. ನಮ್ಮ ಹಳೆಯ ಫಿಯಟ್, ಅಂಬಾಸಿಡರ್‌ಗಳಲ್ಲೂ ಅದೇ. ಎಂಜಿನ್ ನಿಧಾನವಾಗಿ ತಿರುಗುವಾಗ ಡೈನಮೋ ಹೆಚ್ಚು ಕರೆಂಟು ಕೊಡದು. ಶಿಳ್ ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳುವ ಗಾಡಿಯನ್ನು ನೆನೆಸಿಕೊಳ್ಳಿ! ಅರೆಹೊಟ್ಟೆಯ ಬ್ಯಾಟರಿಯಲ್ಲಿ ಸೀಸದ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಕರಗದು. 1960ರ ಕ್ರೈಸ್ಲರ್ ವೇಲಿಯಂಟ್‌ನಿಂದ ಆಲ್ಟರ್ನೇಟರ್ ಬಳಕೆಗೆ ಬಂದು ಈ ತೊಂದರೆ ತಗ್ಗಿತು.

ಇನ್ನು ನಮ್ಮ ಬೆಂಗಳೂರಿನ ರೇವಾ. ಚೇತನ್ ಮೈನಿ 2001ರಲ್ಲಿ ರಸ್ತೆಗಿಳಿಸಿದ ಆ ಪುಟ್ಟ ಕಾರಿನಲ್ಲಿ 6 ವೋಲ್ಟಿನ ಎಂಟು ಸೀಸದ ಬ್ಯಾಟರಿ, ಒಟ್ಟು 48 ವೋಲ್ಟ್. ಮನೆಯ ಪ್ಲಗ್ಗಿನಿಂದಲೇ ಚಾರ್ಜು. ನೂರಕ್ಕೆ 80 ಪಾಲು ಎರಡೂವರೆ ಗಂಟೆಯಲ್ಲಿ ತುಂಬುತ್ತಿತ್ತು, ಪೂರ್ತಿ ತುಂಬಲು 8 ಗಂಟೆ! ಅಂದರೆ ಕೊನೆಯ 20 ಪಾಲಿಗೇ ಐದೂವರೆ ಗಂಟೆ. ಅಂಗಡಿಯವನ ಕಣ್ಣು, ಮೂಗು ಮಾಡುತ್ತಿದ್ದ ಕೆಲಸವನ್ನು ಕಾರಿನೊಳಗಿನ ಕಂಪ್ಯೂಟರ್ ಮಾಡುತ್ತಿತ್ತು: ಹಸಿವಿದ್ದಾಗ ಬಡಿಸು, ಹೊಟ್ಟೆ ತುಂಬುತ್ತ ಬಂದಾಗ ಕೈ ಹಿಡಿ.

ಈಗ ಠಾಣೆ, ನವಿ ಮುಂಬಯಿಗಳಲ್ಲಿ ವಿದ್ಯುತ್ ಬಸ್ಸುಗಳು ಓಡುತ್ತಿವೆ. ಸೀಸ ಹೋಗಿ ಲಿಥಿಯಂ ಬಂದಿದೆ. ಇಲ್ಲಿ ರೋಗದ ಹೆಸರು ಬೇರೆ. ಮಿತಿ ಮೀರಿ ವೇಗವಾಗಿ ತುಂಬಿದರೆ ಲಿಥಿಯಂ ಗ್ರಾಫೈಟಿನ ಒಳಗೆ ಇಳಿಯದೆ ಮೇಲೆಯೇ ಲೋಹವಾಗಿ ಕೂರುತ್ತದೆ. ಅದಕ್ಕೇ ಫಾಸ್ಟ್ ಚಾರ್ಜರುಗಳೂ 80 ದಾಟಿದ ಮೇಲೆ ಸಾಮಾನ್ಯವಾಗಿ ನಿಧಾನಿಸುತ್ತವೆ.

ನೀವು ಸ್ಕೂಟರಿನ ಬ್ಯಾಟರಿಯನ್ನು ಅಂಗಡಿಗೆ ಕೊಟ್ಟರೆ ಒಂದು ಮಾತು ಕೇಳಿ. ದೊಡ್ಡವು, ಚಿಕ್ಕವು ಎಲ್ಲವನ್ನೂ ಒಂದೇ ಸಾಲಿನಲ್ಲಿ ಜೋಡಿಸಿದರೆ ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ಲಾರಿ ಬ್ಯಾಟರಿಗೆ ಹಿತವಾದದ್ದು ನಿಮ್ಮ 5 ಆಂಪಿಯರ್-ಅವರಿನ ಬಡಪಾಯಿಗೆ ವಿಷ. ಅದಕ್ಕೆ ಅರ್ಧ ಆಂಪಿಯರ್ ಸಾಕು. ಬೇರೆ ಇಡಲು ಹೇಳಿ, ಬೆಳಿಗ್ಗೆ ಹೋಗಿ ತನ್ನಿ.