ಹೆಲಿಕೋಪ್ಲಕಾಯ್ಡ್‌ಗಳು

ಸುಮಾರು 52 ಕೋಟಿ ವರ್ಷಗಳ ಹಿಂದೆ, ಕೇಂಬ್ರಿಯನ್ ಯುಗದ ಮೊದಲ ಭಾಗದಲ್ಲಿ ಬಾಳಿ ಅಳಿದ ಕಂಟಕಚರ್ಮಿಗಳ ಗುಂಪು. ಕ್ಯಾಲಿಫೋರ್ನಿಯಾದ ವೈಟ್ ಪರ್ವತಗಳ ಪಳೆಯುಳಿಕೆಗಳಿಂದ 1963ರಲ್ಲಿ ಪಳೆಯುಳಿಕೆ ತಜ್ಞರಾದ ಡರ್ಹಮ್ ಮತ್ತು ಕ್ಯಾಸ್ಟರ್ ಇವನ್ನು ವಿವರಿಸಿದರು. ಕೆಲವೇ ಸೆಂಟಿಮೀಟರ್ ಉದ್ದದ, ಕದಿರಿನಂತೆ ತುದಿ ಚೂಪಾದ ದೇಹ. ಅದರ ಮೈಸುತ್ತ ಸುಣ್ಣದ ಪುಟ್ಟ ಫಲಕಗಳು ಸಾಲುಸಾಲಾಗಿ ಸುರುಳಿ ಸುತ್ತಿವೆ. ಆ ಸಾಲುಗಳ ನಡುವೆ ಆಹಾರ ಸಾಗಿಸುವ ಕಾಲುವೆಗಳು ಮೂರೇ. ಇಂದಿನ ನಕ್ಷತ್ರಮೀನಿನ ಐದರ ಲೆಕ್ಕ ಇಲ್ಲಿಲ್ಲ. ಇವುಗಳ ದೊಡ್ಡ ಬೆರಗು ಇದೇ. ಕಡಲತಳದ ಕೆಸರಿನಲ್ಲಿ ಬುಡ ಊರಿ ನಿಲ್ಲುತ್ತಿದ್ದವು. ಕೆಸರನ್ನು ಕೊರೆಯುವ ಜೀವಿಗಳು ಹೆಚ್ಚಿದಂತೆ ನೆಲೆ ತಪ್ಪಿದವೆಂಬುದು ಬಲವಾದ ಊಹೆ. ದೂರದ ಬಂಧುಗಳಾದ ನಕ್ಷತ್ರಮೀನುಗಳು ಮಾತ್ರ ಅರಬ್ಬೀ ಸಮುದ್ರದಲ್ಲಿ ಇಂದಿಗೂ ಇವೆ.