ಚರೆ

ಸಕಲೇಶಪುರದ ಮಾರನಹಳ್ಳಿ ಕಡೆಯ ಕಾಫಿ ತೋಟಗಾರರಿಗೆ ಬೆಳೆ ಕಾಯುವ ಕೋವಿ ಹೊಸದಲ್ಲ. ಕೋವಿಯ ತೋಟೆಯೊಳಗೆ ತುಂಬಿರುವ ಸಣ್ಣ ಸೀಸದ ಕಾಳಿಗೆ ಮಲೆನಾಡಿನ ಮಾತು ‘ಚರೆ’. ಹಿಂದಿಯ ‘ಛರ್ರಾ’ ನಮ್ಮ ಬಾಯಲ್ಲಿ ಹೀಗೆ ಮೆತ್ತಗಾಗಿದೆ. ಒಂಟಿಯಾಗಿ ಹಾರಿದರೆ ಗುಂಡು, ಹಿಡಿಯಷ್ಟು ಚದುರಿ ಹಾರಿದರೆ ಚರೆ. ಹೊಡೆತಕ್ಕೆ ಅಚ್ಚಗನ್ನಡದ ‘ಈಡು’ ಇದೆ.

ಚರೆ ಎಂದರೆ ಸೀಸವೇ ಆಗಬೇಕಿಲ್ಲ. ಸೀಸ ವಿಷ. ಬೆಳವದ ಹಕ್ಕಿ ಕಾಳು ಅರೆಯಲೆಂದು ಸಣ್ಣ ಹರಳು ನುಂಗುತ್ತದೆ; ನೆಲದಲ್ಲಿ ಬಿದ್ದ ಚರೆಯನ್ನೂ ಹರಳೆಂದೇ ನುಂಗಿ, ಸೊರಗಿ ಸಾಯುತ್ತದೆ. ಬೆಳವದ ಬೇಟೆಗೆ ಅನುಮತಿಯಿರುವ ಕ್ಯಾಲಿಫೋರ್ನಿಯದಲ್ಲೂ 2019ರ ಜುಲೈನಿಂದ ಬೇಟೆಗೆ ಸೀಸ ಬಳಸುವಂತಿಲ್ಲ. ಅಲ್ಲಿ ಉಕ್ಕಿನ ಚರೆ ಬಳಸುತ್ತಾರೆ. ಅದು ಸೀಸಕ್ಕಿಂತ ಹಗುರ, ಹಾಗಾಗಿ ಒಂದೆರಡು ಅಳತೆ ದಪ್ಪನೆಯದು ಬೇಕು. ಹಳೆಯ ನಳಿಗೆಗೆ ಉಕ್ಕು ಗಡುಸಾದೀತು. ಅದಕ್ಕೆ ಮೆದುವಾದ ಬಿಸ್ಮತ್ ಲೋಹದ ಚರೆ ವಾಸಿ.

ನಮ್ಮಲ್ಲಿ ಬೆಳವಕ್ಕೆ ಯಾವ ಚರೆಯೂ ಸಲ್ಲದು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಹೊಡೆಯುವುದು ಅಪರಾಧ. ಬೆಳೆ ಕಾಯುವ ಕೋವಿಗಾದರೂ ಸೀಸವಿಲ್ಲದ ಚರೆ ಸುಲಭವಾಗಿ ಸಿಗುವಂತಾಗಬೇಕು.